ಚಿಪ್ಪಿಗೆ ಚಿಪ್ಪು ಮಾತನಾಡಿದಾಗ...

ಪೀಣ್ಯದ ಯಂತ್ರಗಳೂ ಚಂದ್ರನ ಮೇಲಿಳಿದ ವಿಕ್ರಮನೂ ಸುದ್ದಿ ಕಳಿಸುವುದು ಬಿಟ್ಟಿನ ಹಿಂದೆ ಬಿಟ್ಟನ್ನು ಸಾಲಾಗಿ ಅಟ್ಟುವ ಮೂಲಕ. ಈ ವಿದ್ಯೆಯನ್ನು ಕೆಲವೇ ನೂರು ರೂಪಾಯಿ ಖರ್ಚಿನಲ್ಲಿ ಓದುವ ಮೇಜಿನ ಮೇಲೆಯೇ ಕಲಿಯಬಹುದು. ಆದರೆ ಅದನ್ನು ಅಂಗಡಿಯಿಂದ ಕೊಂಡು ತರಲು ಮಾತ್ರ ಬರುವುದಿಲ್ಲ!

ಪೀಣ್ಯ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಲೇತ್ ಯಂತ್ರಗಳ ಸದ್ದು, ಕೂಲಂಟ್ ಎಣ್ಣೆಯ ವಾಸನೆ, ಲಾರಿಗಳ ಸಾಲು, ಶಿಫ್ಟ್ ಮುಗಿಸಿ ಊಟದ ಡಬ್ಬಿ ಹಿಡಿದು ಮೆಟ್ರೊ ನಿಲ್ದಾಣದತ್ತ ಧಾವಿಸುವ ಜನ. ಅದೇ ಪೀಣ್ಯದಲ್ಲಿ ಇಸ್ರೊ ಸಂಸ್ಥೆಯ ‘ಇಸ್ಟ್ರ್ಯಾಕ್’ ಕೇಂದ್ರವೂ ಇದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ನೌಕೆ ಚಂದ್ರನ ನೆಲ ಮುಟ್ಟಿದಾಗ ಇಡೀ ದೇಶ ಟಿ.ವಿ.ಯಲ್ಲಿ ಕಣ್ಣು ನೆಟ್ಟು ನೋಡುತ್ತಿದ್ದುದು ಈ ಕೇಂದ್ರದ ನಿಯಂತ್ರಣ ಕೊಠಡಿಯನ್ನೇ.

ಸುಮಾರು 3.84 ಲಕ್ಷ ಕಿಲೋಮೀಟರ್ ದೂರದಿಂದ ಬಂದ ಆ ಸುದ್ದಿ ಯಾವ ರೂಪದಲ್ಲಿ ಬಂತು? ಸೊನ್ನೆ ಮತ್ತು ಒಂದುಗಳ ರೂಪದಲ್ಲಿ, ಒಂದರ ಹಿಂದೆ ಒಂದು ಸಾಲಾಗಿ. ಇಸ್ಟ್ರ್ಯಾಕ್‌ನ ಆವರಣದಾಚೆ ಯಾವುದಾದರೂ ಶೆಡ್ಡಿಗೆ ಹೋಗಿ ನೋಡಿ. ಹಳೆಯ ಸಿ.ಎನ್.ಸಿ. ಯಂತ್ರದ ಪಕ್ಕದಲ್ಲಿ ಇಂಗ್ಲಿಷ್ ‘ಡಿ’ ಅಕ್ಷರದಾಕಾರದ ಒಂದು ಸಾಕೆಟ್ ಕಾಣುತ್ತದೆ. ಅದರಿಂದ ಹೊರಟ ಕೇಬಲ್ ಮೂಲೆಯಲ್ಲಿರುವ ಕಂಪ್ಯೂಟರಿಗೆ ಹೋಗುತ್ತದೆ. ಲೋಹವನ್ನು ಎಲ್ಲಿ ಎಷ್ಟು ಕೊರೆಯಬೇಕು ಎಂಬ ಆದೇಶ ಆ ಕೇಬಲ್‌ನಲ್ಲಿ ಹರಿಯುವುದೂ ಹಾಗೆಯೇ, ಸಾಲಾಗಿ. ಇದಕ್ಕೆ ಸೀರಿಯಲ್ ಸಂವಹನ ಎಂದು ಹೆಸರು.

ಬೆಂಗಳೂರಿನ ಹೊರವಲಯಕ್ಕೆ ಈ ವಿದ್ಯೆ ಹೊಸದಲ್ಲ. ವೈಟ್‌ಫೀಲ್ಡ್‌ಗೆ ಹೋಗುವ ದಾರಿಯ ದೂರವಾಣಿನಗರದಲ್ಲಿ ಐ.ಟಿ.ಐ. ಟೆಲಿಫೋನ್ ಕಾರ್ಖಾನೆ ಆರಂಭವಾದದ್ದು 1948ರಲ್ಲಿ. ಜಾಲಹಳ್ಳಿಗೆ 1953ರಲ್ಲಿ ಎಚ್.ಎಂ.ಟಿ. ಬಂತು, 1954ರಲ್ಲಿ ಬಿ.ಇ.ಎಲ್. ಬಂತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಬೆಳೆಯಿತು. ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನಡುವೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆ ಎತ್ತಿತು. ಈ ಊರುಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಗಾಜಿನ ಕಟ್ಟಡಗಳು ಹೊರಗಿನಿಂದ ಚೆನ್ನಾಗಿ ಗೊತ್ತು. ಒಳಗೆ ನಡೆಯುವ ಕೆಲಸದ ಬೇರು ಎಲ್ಲಿದೆ ಎಂಬುದು ಗೊತ್ತಾಗಬೇಕಾದರೆ ಒಂದು ಸಣ್ಣ ಚಿಪ್ಪನ್ನು ಕೈಗೆತ್ತಿಕೊಳ್ಳಬೇಕು.

ಅಂಗೈಯೊಳಗಿನ ಗಣಕ

ಆ ಚಿಪ್ಪಿನ ಹೆಸರು ಮೈಕ್ರೊಕಂಟ್ರೋಲರ್. ಹೆಸರು ಕೇಳಿ ಹೆದರಬೇಕಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಬೇರೆ, ನೆನಪಿನ ಮೆಮೊರಿ ಬೇರೆ, ಹೊರಗಿನ ಸಾಧನಗಳೊಡನೆ ವ್ಯವಹರಿಸುವ ಭಾಗ ಬೇರೆ. ಇವೆಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಅಡಕ ಮಾಡಿದರೆ ಅದೇ ಮೈಕ್ರೊಕಂಟ್ರೋಲರ್. ಇದು ಸಿನಿಮಾ ತೋರಿಸುವುದಿಲ್ಲ, ಪತ್ರ ಟೈಪ್ ಮಾಡುವುದಿಲ್ಲ. ಕೊಟ್ಟ ಒಂದು ಕೆಲಸವನ್ನು ಹಗಲೂ ರಾತ್ರಿ ಬೇಸರವಿಲ್ಲದೆ ಮಾಡುತ್ತಲೇ ಇರುತ್ತದೆ.

ಬಟ್ಟೆ ಒಗೆಯುವ ಯಂತ್ರದಲ್ಲಿ, ಆಟೊ ರಿಕ್ಷಾದ ಡಿಜಿಟಲ್ ಮೀಟರಿನಲ್ಲಿ, ಗೋಡೆಯ ಮೇಲಿನ ವಿದ್ಯುತ್ ಮೀಟರಿನಲ್ಲಿ, ಮನೆಯ ಯು.ಪಿ.ಎಸ್.ನಲ್ಲಿ ಇಂಥ ಚಿಪ್ಪು ಕೂತಿದೆ. ಜಾಲಹಳ್ಳಿಯ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್. ತಯಾರಿಸುವ ಮತಯಂತ್ರದಲ್ಲೂ ಇದೆ. ಮತಗಟ್ಟೆಯಲ್ಲಿ ಅಧಿಕಾರಿಯ ಮುಂದಿರುವ ಪೆಟ್ಟಿಗೆಗೂ ನೀವು ಗುಂಡಿ ಒತ್ತುವ ಪೆಟ್ಟಿಗೆಗೂ ನಡುವೆ 5 ಮೀಟರ್ ಉದ್ದದ ಒಂದು ಕೇಬಲ್ ಇರುವುದನ್ನು ಮತ ಹಾಕಿದವರೆಲ್ಲ ನೋಡಿರುತ್ತೀರಿ.

1980ರಲ್ಲಿ ಇಂಟೆಲ್ ಕಂಪನಿ ಹೊರತಂದ 8051 ಎಂಬ ಚಿಪ್ಪು ಈ ವಂಶದ ಹಿರಿಯರಲ್ಲೊಬ್ಬ. ನಲವತ್ತು ಕಾಲುಗಳ ಈ ಚಿಪ್ಪಿನೊಳಗೆ ತಾತ್ಕಾಲಿಕ ನೆನಪು ಕೇವಲ 128 ಬೈಟ್! ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಇದನ್ನೇ ಓದಿ ಬೆಳೆದರು. ಆಗೆಲ್ಲ ಒಂದು ಪ್ರೋಗ್ರಾಂ ತಪ್ಪಾದರೆ ಚಿಪ್ಪನ್ನು ಕಿತ್ತು, ಅದರ ಗಾಜಿನ ಕಿಂಡಿಗೆ ಅತಿನೇರಳೆ ದೀಪದ ಬೆಳಕು ಬಿಟ್ಟು, ಹಳೆಯ ಬರಹ ಅಳಿಸುವವರೆಗೆ ಹತ್ತಿಪ್ಪತ್ತು ನಿಮಿಷ ಕಾಯಬೇಕಿತ್ತು. ಬರೆಯುವ ಯಂತ್ರವೂ ದುಬಾರಿ, ಹಾಗಾಗಿ ಅದು ಕಾಲೇಜಿನ ಬೀರುವಿನೊಳಗೇ ಇರುತ್ತಿತ್ತು.

2005ರಲ್ಲಿ ಇಟಲಿಯ ಇವ್ರಿಯಾ ಎಂಬ ಪಟ್ಟಣದಲ್ಲಿ ಕೆಲವು ಮೇಷ್ಟರು ತಮ್ಮ ವಿದ್ಯಾರ್ಥಿಗಳಿಗಾಗಿ ‘ಆರ್ಡುಯಿನೊ’ ಎಂಬ ಬೋರ್ಡು ತಯಾರಿಸಿದರು. ಅಲ್ಲಿಂದಾಚೆಗೆ ಈ ಹವ್ಯಾಸದ ಬಾಗಿಲು ಎಲ್ಲರಿಗೂ ತೆರೆಯಿತು. ಒಂದು ಯು.ಎಸ್.ಬಿ. ಕೇಬಲ್ ಸಿಕ್ಕಿಸಿದರೆ ಸಾಕು, ಬರೆದ ಪ್ರೋಗ್ರಾಂ ಕೆಲವೇ ಕ್ಷಣಗಳಲ್ಲಿ ಚಿಪ್ಪಿಗೆ ಇಳಿಯುತ್ತದೆ. ತಪ್ಪಾದರೆ ತಿದ್ದಿ ಮತ್ತೆ ಇಳಿಸಬಹುದು, ದಿನಕ್ಕೆ ಐವತ್ತು ಸಲ ಬೇಕಾದರೂ. ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ 328 ಚಿಪ್ಪಿನಲ್ಲಿ ಪ್ರೋಗ್ರಾಂ ಇಡಲು 32 ಕಿಲೋಬೈಟ್, ಲೆಕ್ಕಾಚಾರಕ್ಕೆ 2 ಕಿಲೋಬೈಟ್ ಜಾಗವಿದೆ.

ಸಾಲಾಗಿ ಬರುವ ಬಿಟ್ಟುಗಳು

ಈಗ ಮಾತಿನ ವಿಷಯಕ್ಕೆ ಬರೋಣ. ಮನೆ ಕಟ್ಟುವಾಗ ಮೇಲಿನ ಮಹಡಿಗೆ ಇಟ್ಟಿಗೆ ಸಾಗಿಸುವುದನ್ನು ನೋಡಿದ್ದೀರಲ್ಲ? ಎಂಟು ಜನ ಎಂಟು ಏಣಿ ಹತ್ತಿ ಒಮ್ಮೆಗೇ ಎಂಟು ಇಟ್ಟಿಗೆ ಒಯ್ಯಬಹುದು. ಅಥವಾ ಒಂದೇ ಏಣಿಯಲ್ಲಿ ಕೈಯಿಂದ ಕೈಗೆ ಒಂದೊಂದೇ ಇಟ್ಟಿಗೆ ದಾಟಿಸಬಹುದು. ಎರಡನೆಯದು ನಿಧಾನ ಎನಿಸಿದರೂ ಒಂದೇ ಏಣಿ ಸಾಕು. ಸೀರಿಯಲ್ ಸಂವಹನವೆಂದರೆ ಇದೇ. ಎಂಟು ಬಿಟ್ಟುಗಳ ಒಂದು ಬೈಟನ್ನು ಒಂದೇ ತಂತಿಯಲ್ಲಿ ಒಂದೊಂದು ಬಿಟ್ಟಾಗಿ ಕಳಿಸುವುದು.

ಆದರೆ ಒಂದು ತೊಡಕಿದೆ. ಎಲ್ಲಿ ಒಂದು ಬಿಟ್ ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ಕೇಳುವವನಿಗೆ ಗೊತ್ತಾಗುವುದು ಹೇಗೆ? ಇದಕ್ಕಾಗಿ ಇಬ್ಬರೂ ಮೊದಲೇ ವೇಗವನ್ನು ಒಪ್ಪಿಕೊಂಡಿರಬೇಕು. ಸೆಕೆಂಡಿಗೆ 9600 ಬಿಟ್ ಎಂಬುದು ಬಹಳ ಕಾಲದಿಂದ ಬಂದಿರುವ ಒಂದು ವೇಗ. ಆಗ ಒಂದೊಂದು ಬಿಟ್ಟಿಗೂ ಸಿಗುವ ಸಮಯ ಸುಮಾರು 104 ಮೈಕ್ರೊಸೆಕೆಂಡ್. ಸುಮ್ಮನಿರುವಾಗ ತಂತಿ ‘ಒಂದು’ ಎಂಬ ಸ್ಥಿತಿಯಲ್ಲಿರುತ್ತದೆ. ಮಾತು ಆರಂಭಿಸುವ ಮುನ್ನ ಒಂದು ಬಿಟ್ ಕಾಲ ‘ಸೊನ್ನೆ’ಗೆ ಇಳಿಯುತ್ತದೆ. ಇದು ಬಾಗಿಲು ಬಡಿದಂತೆ. ನಂತರ ಎಂಟು ಬಿಟ್ ಸುದ್ದಿ, ಕೊನೆಗೆ ಮುಗಿಯಿತೆಂದು ಹೇಳುವ ಒಂದು ಬಿಟ್. ಒಟ್ಟು ಹತ್ತು ಬಿಟ್ ಸೇರಿ ಒಂದು ಬೈಟ್ ದಾಟಿತು. ಹಾಗಾಗಿ 9600 ವೇಗದಲ್ಲಿ ಸೆಕೆಂಡಿಗೆ 960 ಬೈಟ್ ಹೋಗುತ್ತವೆ.

ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಖ್ಯೆ 65, ಅದಕ್ಕೆ ಒಂದೇ ಬೈಟ್ ಸಾಕು. ನಮ್ಮ ‘ಅ’ ಅಕ್ಷರವನ್ನು ಈಗ ಪ್ರಚಲಿತವಿರುವ ಯುಟಿಎಫ್-8 ಪದ್ಧತಿಯಲ್ಲಿ ಕಳಿಸಿದರೆ ಮೂರು ಬೈಟ್ ಬೇಕು. ‘ನಮಸ್ಕಾರ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರ ನಾಲ್ಕಾದರೂ ಒತ್ತು, ದೀರ್ಘಗಳೆಲ್ಲ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬಂದು ಅದು ಏಳು ಸಂಕೇತಗಳಾಗುತ್ತದೆ, ಅಂದರೆ 21 ಬೈಟ್! ಕನ್ನಡದ ಹುಡುಗನೊಬ್ಬ ತನ್ನ ಬೋರ್ಡಿನಿಂದ ಕಂಪ್ಯೂಟರಿಗೆ ‘ನಮಸ್ಕಾರ’ ಕಳಿಸಿ, ಎಷ್ಟು ಬೈಟ್ ಬಂತು ಎಂದು ಎಣಿಸಿ ನೋಡಿದರೆ ಭಾಷೆಯ ಪಾಠವೂ ಆಯಿತು, ಗಣಕದ ಪಾಠವೂ ಆಯಿತು.

ತಂತಿ ಜೋಡಿಸುವಾಗ ಬಹುತೇಕ ಎಲ್ಲರೂ ಎಡವುವ ಎರಡು ಜಾಗಗಳಿವೆ. ಮೊದಲನೆಯದು, ಇವನ ಬಾಯಿ ಅವನ ಕಿವಿಗೆ ಸೇರಬೇಕು. ಅಂದರೆ ಒಂದು ಬೋರ್ಡಿನ ‘ಟಿ.ಎಕ್ಸ್.’ ಕಾಲನ್ನು ಇನ್ನೊಂದರ ‘ಆರ್.ಎಕ್ಸ್.’ ಕಾಲಿಗೆ ಅಡ್ಡಡ್ಡವಾಗಿ ಕಟ್ಟಬೇಕು. ಎರಡನೆಯದು, ಎರಡೂ ಬೋರ್ಡುಗಳ ‘ಗ್ರೌಂಡ್’ ತಂತಿ ಒಂದಾಗಿರಬೇಕು. ವೋಲ್ಟೇಜನ್ನು ಅಳೆಯುವುದು ಯಾವುದೋ ಒಂದು ನೆಲದಿಂದ ತಾನೆ? ಇಬ್ಬರ ನೆಲವೂ ಬೇರೆಯಾದರೆ ಅಳತೆಗೆ ಅರ್ಥವೇ ಇಲ್ಲ.

11.0592ರ ಗುಟ್ಟು

8051 ಚಿಪ್ಪಿನ ಹಳೆಯ ಸರ್ಕೀಟುಗಳನ್ನು ನೋಡಿದರೆ ಗಡಿಯಾರದ ಬಡಿತ ಕೊಡುವ ಸ್ಫಟಿಕದ ಮೇಲೆ ‘11.0592’ ಎಂದು ಬರೆದಿರುತ್ತದೆ. ಸೆಕೆಂಡಿಗೆ 1 ಕೋಟಿ 10 ಲಕ್ಷ 59 ಸಾವಿರದ 200 ಬಡಿತ! ಲೆಕ್ಕಕ್ಕೆ ಸುಲಭವಾದ 12 ಮೆಗಾಹರ್ಟ್ಸ್ ಸ್ಫಟಿಕ ಅಂಗಡಿಯಲ್ಲಿ ಸಿಗುತ್ತಿರುವಾಗ ಈ ವಕ್ರ ಸಂಖ್ಯೆ ಏಕೆ?

ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಈ ಚಿಪ್ಪು ಸ್ಫಟಿಕದ ಬಡಿತವನ್ನು ಮೊದಲು 12ರಿಂದ ಭಾಗಿಸುತ್ತದೆ, ಆಮೇಲೆ ಸೀರಿಯಲ್ ಭಾಗಕ್ಕಾಗಿ 32ರಿಂದ ಭಾಗಿಸುತ್ತದೆ. 1,10,59,200ನ್ನು ಹೀಗೆ ಭಾಗಿಸಿದರೆ ಬರುವುದು 28,800. ಇದನ್ನು 3ರಿಂದ ಭಾಗಿಸಿ: ಸರಿಯಾಗಿ 9600! ಶೇಷವೇ ಇಲ್ಲ. ಅದೇ 12 ಮೆಗಾಹರ್ಟ್ಸ್ ತೆಗೆದುಕೊಂಡರೆ 31,250 ಬರುತ್ತದೆ, ಅದನ್ನು 3ರಿಂದ ಭಾಗಿಸಿದರೆ ಸುಮಾರು 10,417. ಇದು ಬೇಕಾದದ್ದಕ್ಕಿಂತ ಶೇಕಡಾ ಎಂಟೂವರೆಯಷ್ಟು ಹೆಚ್ಚು. ಒಂದು ಬಿಟ್ಟಿನಲ್ಲಿ ಇದು ಸಣ್ಣ ತಪ್ಪು. ಆದರೆ ಬಿಟ್ಟಿನಿಂದ ಬಿಟ್ಟಿಗೆ ತಪ್ಪು ಕೂಡುತ್ತಾ ಹೋಗಿ ಕೊನೆಯ ಬಿಟ್ಟುಗಳ ಹೊತ್ತಿಗೆ ಮುಕ್ಕಾಲು ಬಿಟ್ಟಿನಷ್ಟು ದೂರ ಸರಿದಿರುತ್ತದೆ. ಪರದೆಯ ಮೇಲೆ ಮೂಡುವುದು ಬರೀ ಗೀಜುಗಾಟ.

ಐದನೆಯ ತರಗತಿಯ ಭಾಗಾಕಾರದಲ್ಲಿ ಶೇಷ ಸೊನ್ನೆ ಬರುವುದಕ್ಕೂ ಯಂತ್ರ ಸರಿಯಾಗಿ ಮಾತನಾಡುವುದಕ್ಕೂ ಇಷ್ಟು ನೇರ ಸಂಬಂಧವಿದೆ. ‘ಈ ಲೆಕ್ಕವೆಲ್ಲ ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತದೆ?’ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ನೆರವಿನ ಚಿಪ್ಪುಗಳು

ಮೈಕ್ರೊಕಂಟ್ರೋಲರ್ ಜಾಣ, ಆದರೆ ಬಲಹೀನ. ಊನೊ ಬೋರ್ಡಿನ ಒಂದು ಕಾಲಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವುದು ಕ್ಷೇಮವಲ್ಲ. ಅದಕ್ಕೆ ಇಂದು ಯಾವ ವಾರವೆಂದು ಗೊತ್ತಿಲ್ಲ. ಕಾಲುಗಳ ಸಂಖ್ಯೆಯೂ ಕಡಿಮೆ. ಮದುವೆ ಮನೆಯಲ್ಲಿ ಯಜಮಾನನೊಬ್ಬನೇ ಅಡಿಗೆಯನ್ನೂ ಮಾಡಿ, ವಾದ್ಯವನ್ನೂ ಊದಿ, ಎಲೆಯನ್ನೂ ಹಾಕಲಾದೀತೆ? ಆತ ಬಲ್ಲವರನ್ನು ಕರೆಸುತ್ತಾನೆ. ಚಿಪ್ಪುಗಳ ಲೋಕದಲ್ಲೂ ಹಾಗೆಯೇ.

ಭಾರ ಎತ್ತಲು ಯು.ಎಲ್.ಎನ್. 2003 ಎಂಬ ಚಿಪ್ಪಿದೆ. ಏಳು ದಾರಿಗಳಲ್ಲಿ, ಒಂದೊಂದರಲ್ಲೂ ಗರಿಷ್ಠ ಅರ್ಧ ಆಂಪಿಯರ್‌ವರೆಗೆ ವಿದ್ಯುತ್ ತಾಳಿಕೊಳ್ಳುವ ಇದು ಸಣ್ಣ ಮೋಟಾರು, ರಿಲೇಗಳನ್ನು ನಡೆಸುತ್ತದೆ. ಕಾಲುಗಳು ಸಾಲದಿದ್ದರೆ 74ಎಚ್‌ಸಿ595 ಇದೆ. ಮೂರೇ ತಂತಿಯಲ್ಲಿ ಸಾಲಾಗಿ ಬಂದ ಬಿಟ್ಟುಗಳನ್ನು ಕೂಡಿಟ್ಟು ಎಂಟು ಕಾಲುಗಳಲ್ಲಿ ಒಮ್ಮೆಗೇ ತೋರಿಸುತ್ತದೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಹದಿನಾರು, ಮತ್ತೊಂದನ್ನು ಕಟ್ಟಿದರೆ ಇಪ್ಪತ್ತನಾಲ್ಕು. ತಂತಿ ಮಾತ್ರ ಅದೇ ಮೂರು! ಅಂಗಡಿಗಳ ಮುಂದೆ ಮಿನುಗುತ್ತ ಓಡುವ ಎಷ್ಟೋ ಎಲ್.ಇ.ಡಿ. ಫಲಕಗಳ ಒಳಗುಟ್ಟು ಇಷ್ಟೇ.

ಶೆಡ್ಡಿನ ಸಿ.ಎನ್.ಸಿ. ಯಂತ್ರದ ಸಾಕೆಟ್ ನೆನಪಿದೆಯಲ್ಲ? ಅದು ಆರ್.ಎಸ್. 232 ಎಂಬ, 1960ರಲ್ಲಿ ಮೊದಲು ರೂಪುಗೊಂಡ ನಿಯಮವನ್ನು ಪಾಲಿಸುತ್ತದೆ. ಇಲ್ಲಿ ‘ಒಂದು’ ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, ‘ಸೊನ್ನೆ’ ಎಂದರೆ ಪ್ಲಸ್ 3ರಿಂದ ಪ್ಲಸ್ 15 ವೋಲ್ಟ್. ಇದನ್ನು ನೇರವಾಗಿ 5 ವೋಲ್ಟಿನ ಚಿಪ್ಪಿಗೆ ಕೊಟ್ಟರೆ ಚಿಪ್ಪು ಸುಟ್ಟುಹೋಗಬಹುದು. ನಡುವೆ ದುಭಾಷಿ ಬೇಕು. 1987ರಲ್ಲಿ ಬಂದ ಮ್ಯಾಕ್ಸ್ 232 ಎಂಬ ಚಿಪ್ಪು ಆ ಕೆಲಸ ಮಾಡುತ್ತದೆ. ನಾಲ್ಕು ಸಣ್ಣ ಕೆಪಾಸಿಟರುಗಳಲ್ಲಿ ವಿದ್ಯುತ್ತನ್ನು ತುಂಬಿ, ಒಂದರ ಮೇಲೊಂದು ಪೇರಿಸಿ, ತಿರುವಿಹಾಕಿ 5 ವೋಲ್ಟಿನಿಂದಲೇ ಪ್ಲಸ್ಸನ್ನೂ ಮೈನಸ್ಸನ್ನೂ ಹುಟ್ಟಿಸುತ್ತದೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ಹಳೆಯ ಸಾಕೆಟ್ ಇಲ್ಲದ ಕಾರಣ ಯು.ಎಸ್.ಬಿ.ಯಿಂದ ಸೀರಿಯಲ್‌ಗೆ ಅನುವಾದಿಸುವ ಎಫ್.ಟಿ. 232, ಸಿ.ಎಚ್. 340 ಎಂಬ ಚಿಪ್ಪುಗಳು ಬಳಕೆಗೆ ಬಂದಿವೆ. ಅಗ್ಗದ ಆರ್ಡುಯಿನೊ ಬೋರ್ಡುಗಳ ಮೇಲೆ ಯು.ಎಸ್.ಬಿ. ಸಾಕೆಟ್ ಪಕ್ಕದಲ್ಲಿ ಇಂಥ ಒಂದು ಚಿಪ್ಪು ಕೂತಿರುತ್ತದೆ, ಹುಡುಕಿ ನೋಡಿ.

ದೂರದ ಮಾತಿಗೆ ಆರ್.ಎಸ್. 485 ಇದೆ. ಹೆಣೆದ ಜೋಡಿ ತಂತಿಯಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಕೇಳುವ ಚಿಪ್ಪು ಇವೆರಡರ ವ್ಯತ್ಯಾಸವನ್ನಷ್ಟೇ ಗಮನಿಸುತ್ತದೆ. ಪಕ್ಕದ ಮೋಟಾರಿನ ಗದ್ದಲ ಎರಡೂ ತಂತಿಗೆ ಸಮನಾಗಿ ತಗಲುವುದರಿಂದ ವ್ಯತ್ಯಾಸಕ್ಕೆ ಧಕ್ಕೆಯಿಲ್ಲ. ಹೀಗಾಗಿ ಸುಮಾರು 1200 ಮೀಟರ್‌ವರೆಗೆ, ಒಂದೇ ಜೋಡಿ ತಂತಿಯ ಮೇಲೆ 32 ಸಾಧನಗಳವರೆಗೆ ಕಟ್ಟಬಹುದು. ಕಾರ್ಖಾನೆಯ ಮೀಟರುಗಳು, ಮೋಟಾರಿನ ವೇಗ ನಿಯಂತ್ರಿಸುವ ಡ್ರೈವುಗಳು ಇಂದಿಗೂ ಈ ತಂತಿಯ ಮೇಲೆ 1979ರಲ್ಲಿ ರೂಪುಗೊಂಡ ‘ಮಾಡ್‌ಬಸ್’ ಭಾಷೆಯಲ್ಲಿ ಮಾತನಾಡುತ್ತವೆ.

45 ನಿಮಿಷ 69 ಆದದ್ದು ಹೇಗೆ?

ಫಿಲಿಪ್ಸ್ ಕಂಪನಿ 1982ರಲ್ಲಿ ‘ಐ ಸ್ಕ್ವೇರ್ ಸಿ’ ಎಂಬ ಇನ್ನೊಂದು ಪದ್ಧತಿ ರೂಪಿಸಿತು. ಇದರಲ್ಲಿ ಎರಡು ತಂತಿ. ಒಂದರಲ್ಲಿ ಸುದ್ದಿ, ಇನ್ನೊಂದರಲ್ಲಿ ತಾಳ. ತಾಳವನ್ನು ಜೊತೆಗೇ ಕಳಿಸುವುದರಿಂದ ವೇಗವನ್ನು ಮೊದಲೇ ಒಪ್ಪಿಕೊಳ್ಳಬೇಕಿಲ್ಲ. ಒಂದೇ ಬೀದಿಯಲ್ಲಿ ಹಲವು ಮನೆಗಳಿರುವಂತೆ ಒಂದೇ ಜೋಡಿ ತಂತಿಯ ಮೇಲೆ ಹಲವು ಚಿಪ್ಪು ಇರಬಹುದು, ಪ್ರತಿಯೊಂದಕ್ಕೂ ಒಂದು ಬಾಗಿಲ ಸಂಖ್ಯೆ. ಎರಡು ಮನೆಗೆ ಒಂದೇ ಸಂಖ್ಯೆಯಾದರೆ ಅಂಚೆಯಣ್ಣನ ಗತಿ ಏನಾಗುತ್ತದೋ ಅದೇ ಗತಿ ಇಲ್ಲಿಯೂ.

ಡಿ.ಎಸ್. 1307 ಎಂಬ ಗಡಿಯಾರದ ಚಿಪ್ಪು ಈ ಬೀದಿಯ 104ನೇ ಮನೆಯಲ್ಲಿ ವಾಸಿಸುತ್ತದೆ. ಕರೆಂಟು ಹೋದರೂ ಗುಂಡಿ ಬ್ಯಾಟರಿಯ ಬಲದಿಂದ ಸಮಯ ಎಣಿಸುತ್ತಲೇ ಇರುತ್ತದೆ. ಹೊಸಬರು ಇದನ್ನು ಓದಿದಾಗ ಒಂದು ವಿಚಿತ್ರ ಕಾಣುತ್ತದೆ. ಗಂಟೆ ಏಳು ಮುಕ್ಕಾಲಾಗಿದ್ದರೆ ಪರದೆಯ ಮೇಲೆ 7 ಗಂಟೆ 69 ನಿಮಿಷ ಎಂದು ಬರುತ್ತದೆ! ಚಿಪ್ಪು ಕೆಟ್ಟಿತೇ? ಇಲ್ಲ. ಅದು ಹತ್ತರ ಸ್ಥಾನದ 4ನ್ನೂ ಬಿಡಿ ಸ್ಥಾನದ 5ನ್ನೂ ಬೇರೆಬೇರೆಯಾಗಿ ನಾಲ್ಕು ನಾಲ್ಕು ಬಿಟ್ಟಿನಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಒಂದೇ ಸಂಖ್ಯೆಯೆಂದು ಓದಿದರೆ 4ನ್ನು 16ರಿಂದ ಗುಣಿಸಿ 5 ಕೂಡಿದಂತಾಗಿ 69 ಬರುತ್ತದೆ. ಚಿಪ್ಪಿನ ಜೊತೆಗೆ ತಯಾರಕರು ಉಚಿತವಾಗಿ ಕೊಡುವ ವಿವರಪತ್ರಿಕೆಯಲ್ಲಿ, ಅಂದರೆ ಡೇಟಾಶೀಟಿನಲ್ಲಿ ಇದು ಸ್ಪಷ್ಟವಾಗಿ ಬರೆದಿದೆ.

ಇನ್ನೊಂದು ಉದಾಹರಣೆ. ಕರೆಂಟು ಹೋದರೂ ಮರೆಯದ ಇ-ಇ-ಪ್ರಾಮ್ ಎಂಬ ನೆನಪು ಊನೊ ಚಿಪ್ಪಿನೊಳಗೇ 1 ಕಿಲೋಬೈಟ್ ಇದೆ. ಆದರೆ ಒಂದೊಂದು ಜಾಗದಲ್ಲಿ ಸುಮಾರು ಒಂದು ಲಕ್ಷ ಸಲ ಬರೆಯುವವರೆಗೆ ಮಾತ್ರ ಅದರ ಭರವಸೆ. ಲಕ್ಷ ಎಂದರೆ ಬಹಳವಾಯಿತಲ್ಲ ಎನ್ನುತ್ತೀರಾ? ಪ್ರತಿ ಸೆಕೆಂಡಿಗೊಮ್ಮೆ ಒಂದೇ ಜಾಗದಲ್ಲಿ ಬರೆಯುತ್ತ ಹೋದರೆ 28 ಗಂಟೆಯೊಳಗೆ ಲಕ್ಷ ಮುಗಿಯಿತು! ಸೋಮವಾರ ಬೆಳಿಗ್ಗೆ ಶುರು ಮಾಡಿದ ಯಂತ್ರದ ಆಯುಷ್ಯ ಮಂಗಳವಾರ ಮಧ್ಯಾಹ್ನಕ್ಕೆ ತೀರಿರುತ್ತದೆ.

ಮನೆಯ ಟ್ಯಾಂಕೇ ಪ್ರಯೋಗಶಾಲೆ

ಇದನ್ನೆಲ್ಲ ಎಲ್ಲಿ ಪ್ರಯೋಗಿಸುವುದು? ಬೆಂಗಳೂರಿನ ಹೊರವಲಯದವರಿಗೆ ಬಹಳ ಹತ್ತಿರದ ಸಮಸ್ಯೆಯೊಂದಿದೆ, ನೀರು. ಬೋರ್‌ವೆಲ್ ಬತ್ತಿದರೆ ಟ್ಯಾಂಕರ್ ಬರಬೇಕು, ಸಂಪು ತುಂಬಬೇಕು, ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೋಟಾರು ಹಾಕಿ ಮರೆತರೆ ದುಡ್ಡು ಕೊಟ್ಟು ತರಿಸಿದ ನೀರು ರಸ್ತೆಗೆ. ಹಾಗಾದರೆ ಟ್ಯಾಂಕಿನ ಮಟ್ಟವನ್ನು ಅಡುಗೆಮನೆಯಲ್ಲೇ ತೋರಿಸುವ ಸಾಧನವೊಂದನ್ನು ಮಾಡಬಾರದೇಕೆ?

ಟ್ಯಾಂಕಿನ ಮುಚ್ಚಳದ ಒಳಗೆ ಶ್ರವಣಾತೀತ ಶಬ್ದ ಹೊರಡಿಸುವ ಸಂವೇದಕ ಇಡಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಅದು ನೀರಿಗೆ ಬಡಿದು ಹಿಂತಿರುಗಲು ಪ್ರತಿ ಸೆಂಟಿಮೀಟರ್ ದೂರಕ್ಕೆ ಸುಮಾರು 58 ಮೈಕ್ರೊಸೆಕೆಂಡ್ ಬೇಕು. ಹೋಗಿಬಂದ ಸಮಯವನ್ನು 58ರಿಂದ ಭಾಗಿಸಿದರೆ ನೀರು ಎಷ್ಟು ಕೆಳಗಿದೆಯೆಂದು ತಿಳಿಯಿತು. ತೇವ ತಾಳುವ ಮಾದರಿಯ ಸಂವೇದಕವನ್ನೇ ಕೊಳ್ಳಬೇಕು. ಅದು ತೀರ ಹತ್ತಿರದ, ಅಂದರೆ ಸುಮಾರು 20 ಸೆಂಟಿಮೀಟರ್ ಒಳಗಿನ ದೂರವನ್ನು ಅಳೆಯಲಾರದು. ಹಾಗಾಗಿ ತುಂಬಿದ ಟ್ಯಾಂಕಿನ ನೀರಿನಿಂದ ಅಷ್ಟು ಮೇಲಕ್ಕೆ ಅದನ್ನು ಕೂರಿಸಬೇಕು.

ಮಹಡಿಯಿಂದ ಅಡುಗೆಮನೆಗೆ ಸುದ್ದಿ ತರಲು ಆರ್.ಎಸ್. 485ರ ಜೋಡಿ ತಂತಿ. ಮೋಟಾರು ಶುರುವಾದಾಗ ಆಗುವ ಗದ್ದಲದಲ್ಲಿ ಅಂಕಿ ಕೆಟ್ಟರೆ? ಅದಕ್ಕೂ ಉಪಾಯವಿದೆ. 72 ಎಂದು ಕಳಿಸುವಾಗ ಜೊತೆಗೆ ಅದರ ಅಂಕಿಗಳ ಮೊತ್ತ 9ನ್ನೂ ಕಳಿಸಿ. ಕೇಳುವವನು ಕೂಡಿ ನೋಡಿ, ಹೊಂದದಿದ್ದರೆ ಆ ಸುದ್ದಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತಾನೆ. ಆದರೆ 72 ಹೋಗಿ 27 ಆದರೆ ಮೊತ್ತ ಆಗಲೂ 9! ಈ ಲೋಪವನ್ನು ಹುಡುಗ ಅಥವಾ ಹುಡುಗಿ ತಾನಾಗಿಯೇ ಕಂಡುಕೊಂಡ ದಿನ, ಮಾಡ್‌ಬಸ್‌ನಲ್ಲಿ ಅಷ್ಟೊಂದು ಜಟಿಲ ತಪಾಸಣೆ ಏಕಿದೆ ಎಂಬುದು ಅವರಿಗೆ ಅರ್ಥವಾಗುತ್ತದೆ.

ತೋರಿಸಲು ಎರಡು ಸಾಲಿನ ಎಲ್.ಸಿ.ಡಿ. ಪರದೆ ಸಾಕು. ಇದಕ್ಕೆ ಕನ್ನಡ ಬರುವುದಿಲ್ಲ. ಆದರೆ 5 ಅಡ್ಡ, 8 ಉದ್ದ ಚುಕ್ಕಿಗಳ ಎಂಟು ಚಿತ್ರಗಳನ್ನು ನಾವೇ ಬಿಡಿಸಿ ಕೊಡಬಹುದು. ಅಮ್ಮ ದೊಡ್ಡ ಚುಕ್ಕಿ ರಂಗೋಲಿಯನ್ನು ಚೌಕಳಿ ಹಾಳೆಯ ಮೇಲೆ ಮೊದಲು ಬಿಡಿಸಿಕೊಳ್ಳುವಂತೆ ‘ನೀರು’ ಪದವನ್ನು ಚುಕ್ಕಿಗಳಲ್ಲಿ ಬಿಡಿಸಿಕೊಂಡರೆ ಅದು ಪರದೆಯ ಮೇಲೆ ಮೂಡುತ್ತದೆ.

ಒಂದು ಎಚ್ಚರಿಕೆ. ಮಟ್ಟ ಅಳೆಯುವುದು, ತೋರಿಸುವುದು 5 ವೋಲ್ಟಿನ ಕೆಲಸ, ಅಪಾಯವಿಲ್ಲ. ಮೋಟಾರನ್ನು ತಾನಾಗಿ ನಿಲ್ಲಿಸುವ ಆಸೆ ಹುಟ್ಟಿದರೆ ಅದು 230 ವೋಲ್ಟಿನ ಕೆಲಸ, ಪ್ರಾಣಕ್ಕೆ ಎರವಾಗಬಲ್ಲದು. ಅದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಗೇ ಬಿಡಬೇಕು. ಸಂಪಿನ ಮುಚ್ಚಳ ತೆಗೆಯುವಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು.

ಕೊಂಡು ತಂದ ಪ್ರಾಜೆಕ್ಟ್

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಡಿಪ್ಲೊಮಾ ಅಥವಾ ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟನ್ನು ಸಿದ್ಧ ಉಡುಪಿನಂತೆ ಕೊಂಡು ತರುವ ಚಾಳಿ ನಮ್ಮಲ್ಲಿ ಬೇರೂರಿದೆ. ಬೋರ್ಡು, ಪ್ರೋಗ್ರಾಂ, ಬೈಂಡ್ ಮಾಡಿದ ವರದಿ ಎಲ್ಲವೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಸಾಲ ಸೋಲ ಮಾಡಿ ಫೀಸು ಕಟ್ಟಿದ ತಂದೆ ತಾಯಿ, ಮಗನ ಓದು ನಿಲ್ಲಬಾರದೆಂದು ಇದಕ್ಕೂ ದುಡ್ಡು ಹೊಂದಿಸುತ್ತಾರೆ. ಶಾಲೆಯ ವಿಜ್ಞಾನ ಮೇಳದಲ್ಲೂ ಈ ಗಾಳಿ ಬೀಸತೊಡಗಿದೆ.

ಅಂಕವೇನೋ ಬಂತು. ಆದರೆ ಪರೀಕ್ಷಕರು ‘ಈ ಸ್ಫಟಿಕ 11.0592 ಏಕೆ?’ ಎಂದು ಕೇಳಿದರೆ ಉತ್ತರವಿಲ್ಲ. ನಾಳೆ ಕಾರ್ಖಾನೆಯ ಡ್ರೈವೊಂದು ಮಾತು ನಿಲ್ಲಿಸಿದಾಗ ತಂತಿ ತಪ್ಪೋ, ವೇಗ ತಪ್ಪೋ, ಬಾಗಿಲ ಸಂಖ್ಯೆ ತಪ್ಪೋ ಎಂದು ಒಂದೊಂದಾಗಿ ಹುಡುಕುವ ತಾಳ್ಮೆ ಎಲ್ಲಿಂದ ಬರಬೇಕು? ಆ ತಾಳ್ಮೆ ಹುಟ್ಟುವುದು 69 ನಿಮಿಷ ಕಂಡು ತಲೆ ಕೆರೆದುಕೊಂಡ ರಾತ್ರಿಗಳಲ್ಲಿ. ಕೊಂಡು ತಂದ ಕಟ್ಟಿನಲ್ಲಿ ಎಲ್ಲವೂ ಇರುತ್ತದೆ, ಆ ರಾತ್ರಿಗಳೊಂದನ್ನು ಬಿಟ್ಟು. ತಾನೇ ಮಾಡಿದ ಕುಂಟು ಯಂತ್ರ, ಕೊಂಡು ತಂದ ಥಳುಕಿನ ಯಂತ್ರಕ್ಕಿಂತ ನೂರು ಪಾಲು ಮೇಲು.

ಎಲ್ಲಿಂದ ಆರಂಭ?

ಊನೊ ಮಾದರಿಯ ಬೋರ್ಡು, ಬ್ರೆಡ್‌ಬೋರ್ಡು, ತಂತಿಗಳು, ಹತ್ತು ಎಲ್.ಇ.ಡಿ., ಒಂದಿಷ್ಟು ರೆಸಿಸ್ಟರು, ಅಗ್ಗದ ಮಲ್ಟಿಮೀಟರು. ಮೊದಲ ತಿಂಗಳಿಗೆ ಇಷ್ಟು ಸಾಕು. 595ರಂಥ ನೆರವಿನ ಚಿಪ್ಪುಗಳ ಬೆಲೆ ಕೆಲವೇ ಹತ್ತು ರೂಪಾಯಿಗಳಲ್ಲಿದೆ. ಬೆಂಗಳೂರಿಗರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಚೀಟಿಯಲ್ಲಿ ಬಿಡಿಭಾಗದ ಪೂರ್ತಿ ಸಂಖ್ಯೆ ಬರೆದುಕೊಂಡು ಹೋಗುವುದು ಒಳ್ಳೆಯದು.

ಕಲಿಯುವ ಕ್ರಮವನ್ನೂ ಗಮನಿಸಿ. ಮೊದಲು ಒಂದು ದೀಪ ಮಿನುಗಿಸಿ. ಆಮೇಲೆ ಕಂಪ್ಯೂಟರಿಗೆ ಒಂದು ಅಕ್ಷರ ಕಳಿಸಿ. ನಂತರ ಕಂಪ್ಯೂಟರಿನಿಂದ ಬಂದ ಅಕ್ಷರಕ್ಕೆ ದೀಪ ಉರಿಯುವಂತೆ ಮಾಡಿ. ಆಮೇಲೆ 595, ಗಡಿಯಾರದ ಚಿಪ್ಪು, ಎರಡು ಬೋರ್ಡುಗಳ ಸಂಭಾಷಣೆ. ಊನೊದಲ್ಲಿ ಯು.ಎಸ್.ಬಿ.ಯೂ 0 ಮತ್ತು 1ನೇ ಕಾಲುಗಳೂ ಒಂದೇ ಸೀರಿಯಲ್ ದಾರಿಯನ್ನು ಹಂಚಿಕೊಂಡಿವೆ. ಆ ಕಾಲುಗಳಿಗೆ ಬೇರೇನಾದರೂ ಕಟ್ಟಿದ್ದರೆ ಪ್ರೋಗ್ರಾಂ ಇಳಿಯದೆ ಹೋಗಬಹುದು, ಮೊದಲು ಅವನ್ನು ಬಿಡಿಸಿ. 3.3 ವೋಲ್ಟಿನ ಇ.ಎಸ್.ಪಿ. 32 ಬೋರ್ಡಿನ ಕಾಲಿಗೆ 5 ವೋಲ್ಟಿನ ಸುದ್ದಿಯನ್ನು ನೇರ ಕೊಡಬೇಡಿ. ಒಂದು 1 ಕಿಲೋಓಮ್, ಒಂದು 2 ಕಿಲೋಓಮ್ ರೆಸಿಸ್ಟರ್ ಸೇರಿಸಿ ವೋಲ್ಟೇಜನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿಕೊಳ್ಳಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಡೇಟಾಶೀಟ್ ಕಂಡರೆ ಅಳುಕು ಸಹಜ. ಆದರೆ ಅದು ಕಾದಂಬರಿಯಲ್ಲ, ಪೂರ್ತಿ ಓದಬೇಕಿಲ್ಲ. ಯಾವ ಕಾಲು ಯಾವುದು ಎಂಬ ಚಿತ್ರ, ಎಷ್ಟು ವೋಲ್ಟ್ ಮೀರಬಾರದು ಎಂಬ ಪಟ್ಟಿ, ಬಿಟ್ಟುಗಳ ಏರಿಳಿತ ತೋರಿಸುವ ಚಿತ್ರ, ಒಳಗಿನ ಕೋಣೆಗಳ ವಿವರ ಇವಿಷ್ಟೇ ಮೊದಲಿಗೆ ಬೇಕು. ಬರುವ ಪದಗಳು ಇಪ್ಪತ್ತು ಮೂವತ್ತು, ಅವೇ ಮತ್ತೆ ಮತ್ತೆ ಬರುತ್ತವೆ. ಒಂದು ನೋಟುಪುಸ್ತಕದಲ್ಲಿ ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡರೆ ಮೂರನೆಯ ಚಿಪ್ಪಿನ ಹೊತ್ತಿಗೆ ಅಳುಕು ಮಾಯ.

ನಿಮ್ಮ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯೇ ಎಂದು ವಿಚಾರಿಸಿ. 2016ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಡಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ನೆರವು ದೊರೆತು, 6ರಿಂದ 12ನೇ ತರಗತಿಯವರಿಗಾಗಿ ಇಂಥ ಬೋರ್ಡುಗಳಿರುವ ಕೊಠಡಿಗಳು ಸಿದ್ಧವಾಗಿವೆ. ಅದಕ್ಕೆ ಬೀಗ ಬಿದ್ದಿದ್ದರೆ, ತೆರೆಯಿರೆಂದು ಕೇಳುವ ಹಕ್ಕು ಪೋಷಕರಿಗಿದೆ.

ಕೊನೆಯದಾಗಿ ತಂದೆ ತಾಯಂದಿರಿಗೆ. ನಿಮಗೆ ಎಲೆಕ್ಟ್ರಾನಿಕ್ಸ್ ಗೊತ್ತಿರಬೇಕಿಲ್ಲ. ಮಗಳು ಮೇಜಿನ ಮೇಲೆ ತಂತಿ ಹರಡಿಕೊಂಡು ಕೂತಾಗ ‘ಇದರಿಂದ ಎಷ್ಟು ಮಾರ್ಕ್ಸ್ ಬರುತ್ತದೆ?’ ಎಂದು ಕೇಳಬೇಡಿ. ಯಾವುದಾದರೂ ಒಂದು ತಂತಿಯನ್ನು ಬೆರಳಿಟ್ಟು ತೋರಿಸಿ, ‘ಇದು ಏನು ಮಾಡುತ್ತದಮ್ಮ?’ ಎಂದು ಕೇಳಿ. ಅವಳು ತನ್ನ ಮಾತಿನಲ್ಲಿ ವಿವರಿಸಿದರೆ ಕಲಿತಿದ್ದಾಳೆ ಎಂದು ತಿಳಿಯಿರಿ. ‘ಗೊತ್ತಿಲ್ಲ, ನೋಡಿ ಹೇಳುತ್ತೇನೆ’ ಎಂದು ಡೇಟಾಶೀಟ್ ತೆರೆದರೂ ಸಂತೋಷಪಡಿ, ಕಲಿಕೆ ನಡೆಯುತ್ತಿದೆ.